ಒಂದು ‘ರೀ’ ಜೊತೆಗಿರಲಿ

ವಾಡಿಯಲ್ಲಿ ಇಳಿದು ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ಹೊರಟವರಿಗೆ ದಿನನಿತ್ಯ ಬೇಕಾಗುವ ಮಾತು-ಮರ್ಯಾದೆ

ವಾಡಿ ಜಂಕ್ಷನ್ನಿನಲ್ಲಿ ಬೆಳಕು ಹರಿಯುವ ಮೊದಲೇ ಚಹಾದ ವಾಸನೆ ಎದ್ದಿರುತ್ತದೆ. ಬೆಂಗಳೂರು ಕಡೆಯ ರೈಲಿನಿಂದ ಇಳಿದ ಹುಡುಗನೊಬ್ಬ ಬೆನ್ನಿನ ಚೀಲ ಸರಿಪಡಿಸಿಕೊಳ್ಳುತ್ತ ಅಂಗಡಿಯ ಮುಂದೆ ನಿಂತ. ‘ಟೀ ಇದೆಯಾ?’ ಎಂದು ಕೇಳಿದ. ‘ಅದ ನೋಡ್ರಿ. ಜರಾ ತಡೀರಿ, ಹಾಲು ಉಕ್ಕಲಾಕತ್ತದ’ ಎಂದ ಅಂಗಡಿಯಾತ. ಹುಡುಗನ ಮುಖದ ಮೇಲೆ ಗೊಂದಲ ಸುಳಿಯಿತು. ಮರುಕ್ಷಣವೇ ‘ಭಯ್ಯಾ, ಏಕ್ ಚಾಯ್’ ಎಂದು ಹಿಂದಿಗೆ ಹೊರಳಿದ. ಅಂಗಡಿಯಾತನೂ ಹೊರಳಿದ. ಮೂರನೆಯ ಮಾತಿಗೆಲ್ಲ ಕನ್ನಡ ಅಲ್ಲಿಂದ ಎದ್ದುಹೋಗಿತ್ತು. ಇಬ್ಬರೂ ಕನ್ನಡದ ಮನೆಯಲ್ಲೇ ಹುಟ್ಟಿದವರು.

ಈ ದೃಶ್ಯವನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೊಸದಾಗಿ ಬ್ಯಾಂಕಿಗೆ, ಶಾಲೆಗೆ, ಸಿಮೆಂಟ್ ಕಾರ್ಖಾನೆಗೆ ಬಂದವರು, ಮಳಖೇಡ-ಸನ್ನತಿ ನೋಡಲು ಬಂದವರು ಮೊದಲ ವಾರ ಹೀಗೆಯೇ ತಡವರಿಸುತ್ತಾರೆ. ಕೆಲವರು ಒಂದು ತಿಂಗಳಲ್ಲಿ ಇಲ್ಲಿಯವರೇ ಆಗಿಬಿಡುತ್ತಾರೆ. ಕೆಲವರು ಹತ್ತು ವರ್ಷ ಇದ್ದರೂ ಹಿಂದಿಯಲ್ಲೇ ಕಾಲ ಕಳೆದು, ‘ಅಲ್ಲಿ ಕನ್ನಡವೇ ಇಲ್ಲ’ ಎಂದು ಊರಿಗೆ ಮರಳಿ ಹೇಳುತ್ತಾರೆ. ಇಬ್ಬರ ನಡುವಿನ ಅಂತರ ಹೆಚ್ಚೆಂದರೆ ಇಪ್ಪತ್ತು-ಮೂವತ್ತು ಮಾತುಗಳದ್ದು.

ಸ್ಪೇನ್ ಪ್ರವಾಸಕ್ಕೆ ಹೊರಟ ನಮ್ಮ ಪೇಟೆಯ ಕುಟುಂಬಗಳು ತಿಂಗಳ ಮೊದಲೇ ತಯಾರಾಗುತ್ತವೆ. ‘ಓಲಾ’ ಎಂದರೆ ನಮಸ್ಕಾರ, ‘ಪೋರ್ ಫಾವೋರ್’ ಎಂದರೆ ದಯವಿಟ್ಟು, ‘ಗ್ರಾಸಿಯಾಸ್’ ಎಂದರೆ ಧನ್ಯವಾದ. ಅಂಗಡಿಗೆ ಕಾಲಿಡುವಾಗ ಮೊದಲು ‘ಬುಯೆನೋಸ್ ದಿಯಾಸ್’ ಎನ್ನಬೇಕು, ಆಮೇಲೆ ವ್ಯಾಪಾರ. ಮಕ್ಕಳು ಮೊಬೈಲಿನಲ್ಲಿ ಉಚ್ಚಾರಣೆ ತಿದ್ದಿಕೊಳ್ಳುತ್ತಾರೆ. ಇದು ಒಳ್ಳೆಯ ಸಂಸ್ಕಾರ. ಪರರ ಮನೆಗೆ ಹೋಗುವವರು ಆ ಮನೆಯ ಎರಡು ಮಾತು ಕಲಿತು ಹೋಗುವುದೇ ಮರ್ಯಾದೆ. ಆ ಶ್ರಮದಲ್ಲಿ ಹತ್ತನೇ ಒಂದು ಪಾಲನ್ನು ಕಾಗಿಣಾ ಹೊಳೆಯ ದಂಡೆಯ ಕನ್ನಡಕ್ಕೆ ಕೊಟ್ಟರೆ ಏನೆಲ್ಲ ಸಿಗುತ್ತದೆ ಎಂದು ಹೇಳುವುದಕ್ಕಾಗಿಯೇ ಈ ಬರಹ.

ಬಾಗಿಲು ತೆರೆಯುವ ಅಕ್ಷರ

ಒಂದೇ ಒಂದು ಅಕ್ಷರ ಕಲಿತು ಬರುವುದಾದರೆ ‘ರಿ’ ಕಲಿತು ಬನ್ನಿ. ಹಳೆಯ ಬಹುವಚನದ ಈ ಬಾಲ ಇಲ್ಲಿ ಯಾವ ಮಾತಿಗೂ ಅಂಟುತ್ತದೆ: ಹೌದ್ರಿ, ಇಲ್ರಿ, ಬೇಕ್ರಿ, ಬ್ಯಾಡ್ರಿ, ಸಾಕ್ರಿ, ಯಾಕ್ರಿ, ಏನ್ರಿ. ಬೆಂಗಳೂರಿನ ಕಿವಿಗೆ ‘ಏನ್ರೀ’ ಎಂಬುದು ಜಗಳದ ಪೀಠಿಕೆಯಂತೆ ಕೇಳಬಹುದು. ಇಲ್ಲಿ ಅದು ಆದರದ ಕರೆ. ಟಂಟಂ ಓಡಿಸುವವನಿಗೆ, ತರಕಾರಿ ಮಾರುವ ಹೆಣ್ಣುಮಗಳಿಗೆ, ಕಚೇರಿಯ ಜವಾನನಿಗೆ, ತಹಶೀಲ್ದಾರರಿಗೆ ಎಲ್ಲರಿಗೂ ಒಂದೇ ‘ರಿ’. ಅದನ್ನು ಬಿಟ್ಟು ‘ಬಾ’, ‘ಹೋಗು’ ಎಂದರೆ ಎದುರಿನವರು ಬಾಯಿಬಿಟ್ಟು ಏನೂ ಹೇಳಲಿಕ್ಕಿಲ್ಲ, ಮಾತು ಮಾತ್ರ ಅಲ್ಲಿಗೆ ತಣ್ಣಗಾಗುತ್ತದೆ.

ಸ್ಪ್ಯಾನಿಷ್‌ನಲ್ಲೂ ಇಂಥದೇ ಒಂದು ಏರ್ಪಾಡಿದೆ. ಸಲಿಗೆಗೆ ‘ತೂ’, ಗೌರವಕ್ಕೆ ‘ಉಸ್ತೆದ್’. ಉಸ್ತೆದ್ ಹುಟ್ಟಿದ್ದು ‘ತಮ್ಮ ಕೃಪೆ’ ಎಂಬ ಅರ್ಥದ ಎರಡು ಶಬ್ದಗಳು ಸವೆದು ಒಂದಾಗಿ. ಅವರು ಗೌರವಕ್ಕೆ ಬೇರೆ ಸರ್ವನಾಮ ಮಾಡಿಕೊಂಡರು, ನಾವು ಒಂದು ಅಕ್ಷರದಲ್ಲಿ ಕೆಲಸ ಮುಗಿಸಿದೆವು.

ಗೌರವದ ಎದುರಿಗೆ ಸಲಿಗೆಯೂ ಇದೆ, ಅದನ್ನು ಅಪಾರ್ಥ ಮಾಡಿಕೊಳ್ಳಬಾರದು. ‘ಯವ್ವಾ, ನೀ ಉಂಡೇನು?’ ಎಂದು ದೊಡ್ಡ ಮಗ ತಾಯಿಯನ್ನು ಏಕವಚನದಲ್ಲಿ ಕೇಳಿದರೆ ಅದು ಅಸಭ್ಯತೆಯಲ್ಲ, ಕರುಳಿನ ಹತ್ತಿರದ ಮಾತು. ಗೆಳೆಯರ ನಡುವಿನ ‘ಬಾರಪಾ’, ತಾಯಿ-ಮಕ್ಕಳ ನಡುವಿನ ‘ಹೌದಬೇ’ ಇದೇ ಜಾತಿಯವು. ಹಿಂದಿಯ ‘ಬೇ’ ಕೇಳಿದವರಿಗೆ ಇದು ಬೈಗುಳದಂತೆ ಕೇಳಬಹುದು. ಇಲ್ಲಿ ಅದು ಮುದ್ದು. ಆದರೆ ಹೊಸಬರು ತಾವಾಗಿ ಅದನ್ನು ಬಳಸಬೇಕಿಲ್ಲ. ಸಲಿಗೆಯ ಮಾತನ್ನು ಮನೆಯವರೇ ಮೊದಲು ಕೊಡಬೇಕು.

ಅಪರಿಚಿತರನ್ನು ಕರೆಯುವಾಗ ಸಂಬಂಧ ಹಚ್ಚಿ ಕರೆಯುವುದು ಈ ಸೀಮೆಯ ಪದ್ಧತಿ. ನಡುವಯಸ್ಸಿನವರಿಗೆ ‘ಕಾಕಾ’, ‘ಅಕ್ಕಾ’. ತಲೆ ನರೆತವರಿಗೆ ‘ಮುತ್ಯಾ’, ‘ಆಯಿ’. ಮರಾಠಿಯಲ್ಲಿ ಆಯಿ ಎಂದರೆ ತಾಯಿ, ನಮ್ಮಲ್ಲಿ ಅಜ್ಜಿ. ಮುಸಲ್ಮಾನ ಹಿರಿಯರಿಗೆ ‘ಚಾಚಾ’ ಎಂದರೂ ನಡೆಯುತ್ತದೆ, ‘ಕಾಕಾ’ ಎಂದರೂ ಖುಷಿಯಿಂದ ಓಗೊಡುತ್ತಾರೆ. ನಮಸ್ಕಾರಕ್ಕೆ ‘ನಮಸ್ಕಾರ್ರಿ’ ಸಾಕು. ಹಳ್ಳಿಯ ಹಿರಿಯರ ಬಾಯಲ್ಲಿ ‘ಶರಣ್ರಿ’ ಬರುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣ ಇಲ್ಲಿಂದ ದೂರವಿಲ್ಲ. ಶರಣರ ಬಾಯಿಂದ ಬಂದ ಆ ಮಾತು ಇವತ್ತಿಗೂ ಹೊಲದ ಬದುವಿನ ಮೇಲೆ ಎರಡೂ ಕೈ ಜೋಡಿಸುತ್ತದೆ.

‘ಅದ’ ಮತ್ತು ‘ಬರಲಾಕತ್ತದ’

ಚಹಾ ಅಂಗಡಿಯ ಹುಡುಗ ಎಡವಿದ್ದು ಎರಡು ಕಡೆ. ಎರಡನ್ನೂ ಬಿಡಿಸಿ ನೋಡಿದರೆ ಈ ನುಡಿಯ ಅರ್ಧ ಬೀಗ ತೆಗೆದಂತೆ.

ಮೊದಲನೆಯದು ‘ಅದ’. ಮೈಸೂರಿನ ‘ಇದೆ’, ಧಾರವಾಡದ ‘ಐತಿ’ ಇಲ್ಲಿ ‘ಅದ’. ಬಹುವಚನಕ್ಕೆ ‘ಅವ’. ‘ರೊಟ್ಟಿ ಅವ ಏನ್ರಿ?’ ಎಂದರೆ ರೊಟ್ಟಿಗಳಿವೆಯೇ ಎಂದು. ಇದೇ ‘ಅದ’ ಬೇರೆ ಕ್ರಿಯೆಗಳ ಬಾಲಕ್ಕೂ ಬರುತ್ತದೆ. ‘ಆಗ್ಯದ’ ಎಂದರೆ ಆಗಿದೆ, ‘ಬಂದದ’ ಎಂದರೆ ಬಂದಿದೆ. ‘ಬಂದಾನ’, ‘ಬಂದಾಳ’, ‘ಬಂದಾರ’ ಎಂದರೆ ಬಂದಿದ್ದಾನೆ, ಬಂದಿದ್ದಾಳೆ, ಬಂದಿದ್ದಾರೆ.

ಎರಡನೆಯದು ನಡೆಯುತ್ತಿರುವ ಕೆಲಸ ಹೇಳುವ ರೀತಿ. ಸೇಡಂ ಬಸ್ ನಿಲ್ದಾಣದಲ್ಲಿ ನಿಂತು ‘ಚಿಂಚೋಳಿ ಬಸ್ಸು?’ ಎಂದು ಕೇಳಿ ನೋಡಿ. ‘ಬರಲಾಕತ್ತದ್ರಿ’ ಎಂಬ ಉತ್ತರ ಬರುತ್ತದೆ. ಬರಲಿಕ್ಕೆ ಹತ್ತಿದೆ, ಅಂದರೆ ಬರುತ್ತಿದೆ. ‘ಹತ್ತು’ ಎಂದರೆ ಇಲ್ಲಿ ಏರುವುದಲ್ಲ, ತೊಡಗುವುದು. ‘ಮಳಿ ಬರಲಾಕತ್ತದ’ ಎಂದರೆ ಮಳೆ ಬರುತ್ತಿದೆ. ‘ಏನ್ ಮಾಡ್ಲಾಕತ್ತೀರಿ?’ ಎಂದರೆ ಏನು ಮಾಡುತ್ತಿದ್ದೀರಿ. ಮೊದಲ ದಿನ ಬಾಯಿಗೆ ಉದ್ದವೆನಿಸುವ ಈ ರೂಪ ಮೂರನೆಯ ದಿನಕ್ಕೆ ನಾಲಗೆಗೆ ಹಿತವಾಗುತ್ತದೆ. ಹಾಲು ಉಕ್ಕುವ ಕ್ಷಣವನ್ನು ಅಷ್ಟು ಹತ್ತಿರದಿಂದ ಹಿಡಿಯುವ ರೂಪ ಕನ್ನಡದಲ್ಲಿ ಹೆಚ್ಚಿಲ್ಲ.

ದಾರಿ ಕೇಳುವವರಿಗೆ ಇನ್ನಷ್ಟು: ‘ಸೀದಾ ಹೋಗ್ರಿ’, ‘ಬಾಜೂಕ ಅದ’, ‘ಆಕಡಿ’, ‘ಈಕಡಿ’, ‘ಅಗಸಿ ಬಲ್ಲಿ ಇಳೀರಿ’. ಅಗಸಿ ಎಂದರೆ ಊರ ಹೆಬ್ಬಾಗಿಲು. ‘ಬಲ್ಲಿ’ ಎಂದರೆ ಬಳಿ. ಕೋಟೆ ಗೋಡೆ ಬಿದ್ದುಹೋದ ಊರಲ್ಲೂ ಅಗಸಿ ಎಂಬ ಗುರುತು ಉಳಿದಿರುತ್ತದೆ. ‘ಇಲ್ಲೇ ಅದ್ರಿ’ ಎಂಬ ಉತ್ತರವನ್ನು ಮಾತ್ರ ದೂರದ ಲೆಕ್ಕವಾಗಿ ತೆಗೆದುಕೊಳ್ಳಬೇಡಿ, ಅದು ಧೈರ್ಯ ಹೇಳುವ ಮಾತು. ದೂರ ತಿಳಿಯಬೇಕೆಂದರೆ ‘ನಡಕೊಂಡು ಹ್ವಾದ್ರ ಏಟು ಹೊತ್ತಾಗ್ತದ್ರಿ?’ ಎಂದು ಕೇಳಿ. ಮೈ ಸರಿಯಿಲ್ಲದಿದ್ದರೆ ‘ಆರಾಮಿಲ್ರಿ, ದವಾಖಾನಿ ಎಲ್ಲದ?’ ಎಂದರೆ ಸಾಕು. ದವಾಖಾನಿ ಎಂದರೆ ಆಸ್ಪತ್ರೆ. ಕೇಳಿದವರು ದಾರಿ ತೋರಿಸಿ ಸುಮ್ಮನಾಗುವುದಿಲ್ಲ, ಬಹುತೇಕ ಸಲ ಗಾಡಿ ಹತ್ತಿಸಿಯೇ ಬಿಡುತ್ತಾರೆ.

ಅದೇ ಶಬ್ದ, ಬೇರೆ ಅರ್ಥ

ಗೊತ್ತಿಲ್ಲದ ಶಬ್ದಕ್ಕಿಂತ ಗೊತ್ತಿದೆ ಎನಿಸುವ ಶಬ್ದವೇ ಹೆಚ್ಚು ದಾರಿ ತಪ್ಪಿಸುತ್ತದೆ. ‘ಚಲೋ’ ಅದರಲ್ಲಿ ಮುಂದು. ಕನ್ನಡದಲ್ಲಿ ಮಾತಾಡುವಾಗ ‘ಚಲೋ ಅದ’ ಎಂದರೆ ಚೆನ್ನಾಗಿದೆ. ಅದೇ ಓಣಿಯಲ್ಲಿ ದಖ್ಖನಿ ಉರ್ದು ಆಡುವವರು ‘ಚಲೋ’ ಎಂದರೆ ಹೊರಡೋಣ. ಊಟ ಹೇಗಿದೆ ಎಂದು ಕೇಳಿದಾಗ ‘ಚಲೋ’ ಎಂಬ ಉತ್ತರ ಬಂದರೆ ಎದ್ದು ನಿಲ್ಲಬೇಡಿ, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ.

‘ಹಿಂಡಿ’ ಇನ್ನೊಂದು. ದಕ್ಷಿಣದವರಿಗೆ ಹಿಂಡಿ ಎಂದರೆ ದನಗಳಿಗೆ ಹಾಕುವ ಎಣ್ಣೆಕಾಳಿನ ಚರಟ. ಇಲ್ಲಿ ಶೇಂಗಾ ಹಿಂಡಿ, ಅಗಸೆ ಬೀಜದ ಅಗಸಿ ಹಿಂಡಿ ಎಂದರೆ ರೊಟ್ಟಿಯ ಪಕ್ಕ ಕೂರುವ ಖಾರದ ಪುಡಿ. ಮೇಲೆ ಮೊಸರು ಅಥವಾ ಹಸಿ ಎಣ್ಣೆ ಬಿದ್ದರೆ ಬೇರೆ ಪಲ್ಯ ಬೇಡ. ‘ಮಂದಿ’ ಎಂದರೆ ಜನ. ‘ರೊಕ್ಕ’ ಎಂದರೆ ಹಣ. ‘ಸೂಟಿ’ ಎಂದರೆ ರಜೆ. ‘ಹೊಳ್ಳಿ’ ಎಂದರೆ ಮರಳಿ. ‘ಖರೇ’ ಎಂದರೆ ನಿಜ. ‘ತ್ರಾಸು’ ಎಂದರೆ ತೊಂದರೆ. ‘ಮುಂಜಾನಿ’ ಎಂದರೆ ಬೆಳಗ್ಗೆ.

ಸಂತೆಯಲ್ಲಿ ಅಂಕಿಗಳ ವಿಷಯದಲ್ಲಿ ಎಚ್ಚರ ಬೇಕು. ‘ದೀಡನೂರು’ ಎಂದರೆ 150, ‘ಅಡೀಚನೂರು’ ಎಂದರೆ 250. ದೀಡ, ಅಡೀಚ, ಸವಾ ಇವೆಲ್ಲ ಮರಾಠಿಯ ಜೊತೆ ಹಂಚಿಕೊಂಡ ಲೆಕ್ಕ. ಒಂದೂವರೆ ದೀಡ, ಎರಡೂವರೆ ಅಡೀಚ, ಒಂದೂಕಾಲು ಸವಾ. ‘ಪಾವ ಕಿಲೋ’ ಎಂದರೆ ಕಾಲು ಕಿಲೋ. ಚೌಕಾಸಿ ಮಾಡುವುದಕ್ಕೆ ಯಾರೂ ಬೇಸರಪಡುವುದಿಲ್ಲ, ‘ಜರಾ ಕಡಿಮಿ ಮಾಡ್ರಿ’ ಎಂದರೆ ನಗುತ್ತ ಐದು ರೂಪಾಯಿ ಬಿಡುತ್ತಾರೆ. ‘ರಿ’ ಇಲ್ಲದೆ ಕೇಳಿದರೆ ಐದು ಪೈಸೆಯೂ ಇಳಿಯುವುದಿಲ್ಲ.

ಕೆಲಸಕ್ಕೆ ಬಂದವರ ಕಿವಿಗೆ ದಿನಾ ಬೀಳುವ ಶಬ್ದ ‘ಪಗಾರ’. ತಿಂಗಳ ಸಂಬಳಕ್ಕೆ ಇಲ್ಲಿ ಇದೇ ಮಾತು. ಪೋರ್ಚುಗೀಸರು ‘ಪಗಾರ್’ ಎಂದರೆ ಹಣ ಕೊಡುವುದು. ಪಶ್ಚಿಮ ಕರಾವಳಿಯಲ್ಲಿ ಇಳಿದ ಆ ಮಾತು ಮರಾಠಿಯ ಹೆಗಲೇರಿ ಕಲಬುರಗಿ ಸೀಮೆಗೆ ಬಂತು. ಸ್ಪ್ಯಾನಿಷ್‌ನಲ್ಲೂ ಪಗಾರ್ ಎಂದರೆ ಹಣ ಕೊಡುವುದೇ. ಮ್ಯಾಡ್ರಿಡ್‌ನ ಹೋಟೆಲಿನಲ್ಲಿ ಬಿಲ್ಲು ಕಟ್ಟಲು ಎದ್ದವರೂ ಶಹಾಬಾದದಲ್ಲಿ ಒಂದನೇ ತಾರೀಖಿಗೆ ಕಾಯುವವರೂ ಒಂದೇ ಶಬ್ದದ ಒಕ್ಕಲು.

ನೀರು, ಚಾ, ರೊಟ್ಟಿ

ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಗೆ ಬೇಸಿಗೆಯ ಮಧ್ಯಾಹ್ನ ಹೋದಿರೆನ್ನಿ. ಕಟ್ಟೆಯ ಮೇಲೆ ಕುಳಿತವರು ಮೊದಲು ಹೇಳುವುದು ‘ಬರ್ರಿ, ಕುಂದ್ರಿ’. ಎರಡನೆಯದಾಗಿ ಒಳಗಿನಿಂದ ಚರಿಗೆಯಲ್ಲಿ ನೀರು ಬರುತ್ತದೆ. ಬಾಯಾರಿಲ್ಲದಿದ್ದರೂ ನೀರಿಗೆ ಬೇಡ ಅನ್ನಬೇಡಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ನಾಡಿನಲ್ಲಿ ನೀರು ಕೊಡುವುದು ಧರ್ಮ, ತೆಗೆದುಕೊಳ್ಳುವುದು ಆ ಧರ್ಮಕ್ಕೆ ಕೊಡುವ ಗೌರವ. ಎರಡು ಗುಟುಕಾದರೂ ಕುಡಿದು ಚರಿಗೆಯನ್ನು ಬಲಗೈಯಿಂದ ಮರಳಿಸಿ.

ಮೂರನೆಯದು ಪ್ರಶ್ನೆ: ‘ಯಾವೂರ್ರಿ ನಿಮ್ದು?’ ಅದರ ಹಿಂದೆಯೇ ಮನೆಯಲ್ಲಿ ಯಾರ್ಯಾರಿದ್ದಾರೆ, ಮಕ್ಕಳೆಷ್ಟು, ಇಲ್ಲಿ ಯಾರ ಮನೆಗೆ ಬಂದಿರಿ ಎಂಬವೂ ಬರುತ್ತವೆ. ನಗರದವರಿಗೆ ಇದು ಪರರ ಮನೆಯೊಳಗೆ ಇಣುಕಿದಂತೆ ಕಾಣಬಹುದು. ಕೇಳುವವರ ಮನಸ್ಸಿನಲ್ಲಿರುವುದು ನಿಮ್ಮನ್ನು ಯಾವ ದಾರದಿಂದ ತಮ್ಮ ಊರಿಗೆ ಕಟ್ಟಬಹುದು ಎಂಬ ಹುಡುಕಾಟ. ನಿಮ್ಮ ಊರಿಗೆ ಅವರ ಸೋದರತ್ತೆಯನ್ನು ಕೊಟ್ಟಿದ್ದರೆ ಮುಗಿಯಿತು, ನೀವು ಬೀಗರು. ಆದರೆ ಚೀಲ ಹಿಡಿದು ಹೊರಟವರನ್ನು ‘ಎಲ್ಲಿಗೆ?’ ಎಂದು ನೇರವಾಗಿ ಕೇಳುವುದು ಇಲ್ಲಿಯ ರೀತಿಯಲ್ಲ. ‘ದೂರ ಹೊಂಟೀರೇನ್ರಿ?’ ಎಂದು ಕೇಳುತ್ತಾರೆ. ನೀವೂ ಹಾಗೆಯೇ ಕೇಳಿ.

ನಾಲ್ಕನೆಯದು ಚಾ. ‘ಬ್ಯಾಡ್ರಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ನೋಯುತ್ತಾರೆ. ‘ಈಗ ಕುಡದು ಬಂದೀನ್ರಿ, ಅರ್ಧಾ ಸಾಕು’ ಎನ್ನಿ. ಅರ್ಧ ಕಪ್ಪಿನಲ್ಲಿ ಇಬ್ಬರ ಮಾನವೂ ಉಳಿಯುತ್ತದೆ. ಕುಡಿದ ಮೇಲೆ ‘ಧನ್ಯವಾದಗಳು’ ಎಂದರೆ ಮನೆಯವರು ಸಂಕೋಚಪಡುತ್ತಾರೆ, ಅದು ಭಾಷಣದ ಶಬ್ದ. ‘ಚಾ ಭಾಳ ಚಲೋ ಆಗಿತ್ರಿ’ ಎಂಬುದೇ ಇಲ್ಲಿಯ ಕೃತಜ್ಞತೆ. ತಪ್ಪಿ ಕಾಲು ತಗುಲಿದರೆ ‘ತಪ್ಪಾತ್ರಿ’ ಎಂದು ಮುಟ್ಟಿ ನಮಸ್ಕರಿಸಿದರೆ ಆಯಿತು.

ಊಟದ ಹೊತ್ತಿಗೆ ಯಾರದೋ ಮನೆಯ ಮುಂದೆ ಹಾದರೆ ತಾಟಿನ ಮುಂದೆ ಕುಳಿತವರು ‘ಬರ್ರಿ, ಉಣ್ಣಬರ್ರಿ’ ಎನ್ನುತ್ತಾರೆ. ‘ನೀವು ಮಾಡ್ರಿ, ನಂದು ಆಗ್ಯದ’ ಎಂಬುದು ವಾಡಿಕೆಯ ಉತ್ತರ. ಸ್ಪೇನಿನ ಹಳೆಯ ತಲೆಮಾರಿನಲ್ಲೂ ಈ ರೂಢಿ ಇತ್ತು. ಉಣ್ಣುತ್ತಿರುವವರು ಬಂದವರನ್ನು ‘ಗುಸ್ತಾ?’ ಎಂದು ಕರೆಯುವುದು, ಬಂದವರು ‘ಕೆ ಅಪ್ರೊವೆಚೆ’, ಅಂದರೆ ಉಂಡದ್ದು ಮೈಗೆ ಹತ್ತಲಿ ಎಂದು ಹಾರೈಸುವುದು. ತನ್ನೊಬ್ಬನ ತುತ್ತಿಗೆ ಮೊದಲು ಎದುರಿನವನ ಹಸಿವು ನೆನಪಾಗುವುದು ಎರಡೂ ಕಡೆ ಒಕ್ಕಲುತನ ಕಲಿಸಿದ ಪಾಠ ಎಂದು ನನಗೆ ತೋರುತ್ತದೆ.

ಕುಳಿತೇಬಿಟ್ಟರೆ ತಾಟಿಗೆ ಬರುವುದರ ಹೆಸರು ತಿಳಿದಿರಲಿ. ಜ್ವಾಳದ ಬಿಸಿ ರೊಟ್ಟಿ, ಒಣಗಿಸಿಟ್ಟ ಕಟಕ ರೊಟ್ಟಿ, ಪುಂಡಿ ಪಲ್ಯ, ಹಿಂಡಿ, ಜೊತೆಗೆ ಬ್ಯಾಳಿ. ಪುಂಡಿ ಎಂದರೆ ತೆಲುಗರ ಗೋಂಗೂರ. ಬ್ಯಾಳಿ ಎಂದರೆ ತೊಗರಿಬೇಳೆ. ಈ ಸೀಮೆ ತೊಗರಿಯ ಕಣಜ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ರೊಟ್ಟಿಯನ್ನು ಇಲ್ಲಿ ತಟ್ಟುವುದಿಲ್ಲ, ‘ಬಡಿಯುತ್ತಾರೆ’. ಆ ಸಪ್ಪಳ ಓಣಿಯ ಕೊನೆಗೆ ಕೇಳುತ್ತದೆ. ಎಳ್ಳ ಅಮಾಸೆಯ ದಿನ ಬಂದರೆ ಹೊಲದಲ್ಲೇ ಪಂಕ್ತಿ: ಹಸಿ ಕಾಳು-ಸೊಪ್ಪುಗಳ ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಅಂಬಲಿ. ಆ ದಿನ ಹೊಲದ ಬದುವಿನ ಮೇಲೆ ಹಾದವರೆಲ್ಲ ಅತಿಥಿಗಳೇ.

ಊರಿಗೊಂದು ದನಿ

ಐದು ಊರುಗಳ ನುಡಿ ಒಂದೇ ಎಂದು ತಿಳಿಯಬಾರದು. ವಾಡಿಯನ್ನು ಕಟ್ಟಿದ್ದು ರೈಲು. ಮುಂಬಯಿ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರು ತಲುಪಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಕವಲೊಡೆಯಿತು. ಆ ಕವಲಿನ ಮೇಲೆಯೇ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು. ಮುಂದೆ ತಾಂಡೂರು ಬಂದರೆ ತೆಲಂಗಾಣ. ಮೂರು ದಿಕ್ಕಿನ ಹಳಿಗಳ ಜೊತೆ ಮರಾಠಿ, ತೆಲುಗು, ತಮಿಳು, ಉರ್ದು ಎಲ್ಲವೂ ಇಳಿದವು. ಆಮೇಲೆ ಬಂದ ಸಿಮೆಂಟ್ ಕಾರ್ಖಾನೆಗಳು ಉತ್ತರ ಭಾರತದ ಮಾತನ್ನೂ ತಂದವು. ವಾಡಿ, ಶಹಾಬಾದಗಳಲ್ಲಿ ಒಬ್ಬನೇ ಮನುಷ್ಯ ಮನೆಯಲ್ಲಿ ಒಂದು, ಪಾಳಿಯಲ್ಲಿ ಒಂದು, ಸಂತೆಯಲ್ಲಿ ಒಂದು ಭಾಷೆ ಆಡುವುದು ದಿನದ ಮಾತು.

ಶಹಾಬಾದ ತನ್ನ ಹೆಸರನ್ನೇ ಒಂದು ಶಬ್ದವಾಗಿ ಹೊರಗೆ ಕಳಿಸಿದ ಊರು. ನೆಲದ ಪದರಿನಿಂದ ಹಾಳೆಯಂತೆ ಎದ್ದುಬರುವ ಇಲ್ಲಿಯ ಸುಣ್ಣದ ಕಲ್ಲಿಗೆ ನಾವು ‘ಪರಸಿ’ ಎನ್ನುತ್ತೇವೆ. ಹಾಸಿದ್ದು ಎಂಬ ಅರ್ಥದ ಅರಬ್ಬಿ ಮೂಲದ ‘ಫರ್ಶ್’ ನಾಲಗೆಯಲ್ಲಿ ಮಾಗಿ ಪರಸಿಯಾಗಿದೆ. ಮಹಾರಾಷ್ಟ್ರದ ಯಾವ ಹಳೆಯ ಮನೆಯಲ್ಲಿ ಕೇಳಿದರೂ ನೆಲದ ಕಲ್ಲಿಗೆ ‘ಶಹಾಬಾದಿ ಫರಶಿ’ ಎನ್ನುತ್ತಾರೆ. ಬೇಸಿಗೆಯಲ್ಲಿ ‘ಪರಸಿ ಮ್ಯಾಲ ಜರಾ ಅಡ್ಡಾಗ್ರಿ’ ಎಂದು ಮನೆಯವರು ಹೇಳಿದರೆ ಹಿಂಜರಿಯಬೇಡಿ. ತಣ್ಣನೆಯ ಆ ಕಲ್ಲಿನ ಮೇಲೆ ಬೆನ್ನು ಹಚ್ಚುವ ಸುಖವನ್ನು ಅತಿಥಿಗೆ ಕೊಡುವುದೂ ಸತ್ಕಾರದ ಒಂದು ಭಾಗ.

ಸೇಡಂ, ಚಿಂಚೋಳಿಗಳಲ್ಲಿ ತೆಲುಗಿನ ರಾಗ ಕಿವಿಗೆ ಬೀಳುತ್ತದೆ. ಊರ ಹೆಸರುಗಳೇ ಅದನ್ನು ಹೇಳುತ್ತವೆ. ಚಿಂಚೋಳಿಯ ಕಾಡಿನಲ್ಲಿರುವ ಚಂದ್ರಂಪಳ್ಳಿಯ ‘ಪಳ್ಳಿ’, ಎತ್ತಿಪೋತ ಜಲಪಾತದ ‘ಎತ್ತಿಪೋತ’ ಎರಡೂ ತೆಲುಗಿನವು. ಒಣನಾಡಿನ ಈ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, 134 ಚದರ ಕಿಲೋಮೀಟರಿಗೂ ಮಿಕ್ಕಿದ ಹರವು. ಕಾಡಿನ ಅಂಚಿನ ತಾಂಡಾಗಳಲ್ಲಿ ಲಂಬಾಣಿಗರ ಗೋರ್ ಬೋಲಿ ಕೇಳುತ್ತದೆ. ಅದಕ್ಕೆ ಸ್ವಂತ ಲಿಪಿಯಿಲ್ಲ, ಬರೆಯುವವರು ಕನ್ನಡದಲ್ಲೋ ನಾಗರಿಯಲ್ಲೋ ಬರೆಯುತ್ತಾರೆ. ತಾಂಡಾಕ್ಕೆ ಹೋದರೆ ‘ರಾಮ್ ರಾಮ್’ ಅಥವಾ ‘ಜೈ ಸೇವಾಲಾಲ್’ ಎಂದು ಮಾತು ಶುರುಮಾಡಿ, ಹಿರಿಯ ಹೆಂಗಸನ್ನು ‘ಯಾಡಿ’, ಅಂದರೆ ತಾಯಿ ಎಂದು ಕರೆಯಿರಿ. ಕನ್ನಡಿ ಹಚ್ಚಿದ ಅವರ ಉಡುಪಿನ ಚಿತ್ರ ತೆಗೆಯುವ ಮೊದಲು ಕೇಳಬೇಕು. ಎಷ್ಟೋ ಕಾಲ ದಾಖಲೆಯ ಊರಲ್ಲದ ಊರಿನಲ್ಲಿ, ತಮ್ಮದೆಂದು ಕಾಗದವಿಲ್ಲದ ಮನೆಯಲ್ಲಿ ಬದುಕಿದವರು ಅವರು. 2023ರ ಜನವರಿಯಲ್ಲಿ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು. ಹೆಸರು ಹಿಡಿದು ಕರೆಸಿಕೊಳ್ಳುವ ಬೆಲೆ ಅವರಿಗೆ ಚೆನ್ನಾಗಿ ಗೊತ್ತು.

ಎಲ್ಲ ಊರುಗಳಲ್ಲೂ ಹರಿದಾಡುವುದು ದಖ್ಖನಿ. ಇದು ದಿಲ್ಲಿಯ ಹಿಂದಿಯಲ್ಲ. ‘ಬೇಡ’ ಎನ್ನಲು ‘ನಕ್ಕೋ’ ಎನ್ನುತ್ತಾರೆ, ಅದು ಮರಾಠಿಯ ‘ನಕೋ’. ‘ಹೌದು’ ಎನ್ನಲು ‘ಹೌ’ ಎನ್ನುತ್ತಾರೆ, ಕನ್ನಡದ ಕಿವಿಗೆ ಅದು ಮನೆಯ ಮಾತಿನಂತೆಯೇ ಕೇಳುತ್ತದೆ. ಸೂಫಿ ಸಂತ ಬಂದಾನವಾಜರು ದಿಲ್ಲಿಯಿಂದ ಕಲಬುರಗಿಗೆ ಬಂದು ನೆಲೆಸಿ ಆರು ಶತಮಾನ ಕಳೆದಿವೆ. ಇಷ್ಟು ಕಾಲ ಒಂದೇ ಬಾವಿಯ ನೀರು ಕುಡಿದ ಭಾಷೆಗಳು ಒಂದರ ರುಚಿ ಒಂದಕ್ಕೆ ಹತ್ತಿಸಿಕೊಂಡಿವೆ.

‘ಕಲಬೆರಕೆ’ ಎನ್ನುವ ಮೊದಲು

ಇಲ್ಲಿಗೆ ಬಂದ ಕೆಲವರು ಈ ನುಡಿಯನ್ನು ಕಲಬೆರಕೆ ಎನ್ನುತ್ತಾರೆ. ಶುದ್ಧ ಕನ್ನಡ ಕಲಿಯಿರಿ ಎಂದು ಮಕ್ಕಳನ್ನು ತಿದ್ದುತ್ತಾರೆ. ಶಾಲೆಯಲ್ಲಿ ‘ಅದ’ ಎಂದ ಮಗು ನಗೆಗೀಡಾಗಿ ಬಾಯಿ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದೇನೆ. ಆ ಮೌನ ನೆನಪಾದಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ಆ ಮಗು ಕುಳಿತಿದ್ದ ನೆಲದ ಚರಿತ್ರೆಯನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ದಂಡೆಯ ಆ ರಾಜಧಾನಿಯಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಸುಮಾರು 850ರ ಹೊತ್ತಿಗೆ, ಶ್ರೀವಿಜಯನ ‘ಕವಿರಾಜಮಾರ್ಗ’ ರೂಪುಗೊಂಡಿತು. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಕಾವೇರಿಯಿಂದ ಗೋದಾವರಿವರೆಗೆ ಕನ್ನಡನಾಡನ್ನು ಗುರುತಿಸಿದ ಗ್ರಂಥವೆಂದು ಅದನ್ನು ಎಲ್ಲರೂ ನೆನೆಯುತ್ತಾರೆ. ಅದೇ ಗ್ರಂಥ ಕನ್ನಡವನ್ನು ಬಹುವಚನದಲ್ಲಿ ಹೇಳುತ್ತದೆ ಎಂಬುದನ್ನು ನೆನೆಯುವವರು ಕಡಿಮೆ. ಸೀಮೆ ಸೀಮೆಗೂ ಬೇರೆಬೇರೆಯಾಗಿರುವ ಕನ್ನಡಗಳ ತಪ್ಪು-ಒಪ್ಪು ಇಷ್ಟೇ ಎಂದು ಎಣಿಸಲು ಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸತ್ತಾನು ಎಂಬ ಭಾವ ಅಲ್ಲಿದೆ. ಹನ್ನೊಂದೂವರೆ ಶತಮಾನದ ಹಿಂದೆ ಇದೇ ತಾಲ್ಲೂಕಿನಲ್ಲಿ ಕುಳಿತು ಕಂಡ ಮಾತದು.

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ದೊಡ್ಡ ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ ಇತ್ತು. 1058ರ ಶಾಸನ ಅಲ್ಲಿಯ ವಿದ್ಯಾರ್ಥಿಗಳನ್ನು, ಪುಸ್ತಕ ಕಾಯುವ ಸರಸ್ವತಿ ಭಂಡಾರಿಗರನ್ನು ಹೆಸರಿಸುತ್ತದೆ. ಅದೇ ತಾಲ್ಲೂಕಿನ ಸನ್ನತಿಯಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಪ್ರಾಕೃತ ಶಾಸನ ಸಿಕ್ಕಿತು. ಪ್ರಾಕೃತದ ಕಲ್ಲಿನ ಮೇಲೆ ನಿಂತ ದೇವಿಗೆ ಕನ್ನಡದವರೂ ಮರಾಠಿಯವರೂ ನಡೆದುಕೊಂಡದ್ದು ಈ ನೆಲದ ರೀತಿ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ರಾಜಧಾನಿಯಾಯಿತು. ಅಲ್ಲಿಂದ ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17ರವರೆಗೆ, ಆರು ನೂರು ವರ್ಷ, ಆಡಳಿತದ ಮಾತು ಪಾರಸಿ, ಆಮೇಲೆ ಉರ್ದು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಪಾಠ ಉರ್ದುವಿನಲ್ಲೇ. 1956ರ ನವೆಂಬರ್ 1ರಂದು ಈ ಸೀಮೆ ಕನ್ನಡದ ರಾಜ್ಯ ಸೇರಿತು. ಇಷ್ಟೆಲ್ಲದರ ನಡುವೆ ಅಡುಗೆಮನೆ, ಹೊಲ, ಜಾತ್ರೆಗಳಲ್ಲಿ ಕನ್ನಡವನ್ನು ಉಳಿಸಿಕೊಂಡವರು ನಮ್ಮ ಆಯಿ-ಮುತ್ಯಾಗಳು. ದವಾಖಾನಿ, ಕಾರ್ಖಾನಿ, ಜರಾ ಎಂಬ ಶಬ್ದಗಳು ಅವರು ಸೋತದ್ದಕ್ಕೆ ಗುರುತಲ್ಲ, ಬಂದ ಶಬ್ದಕ್ಕೆ ಕನ್ನಡದ ಉಡುಪು ತೊಡಿಸಿ ಒಳಗೆ ಕರೆದುಕೊಂಡದ್ದಕ್ಕೆ ಗುರುತು.

ಬೆಂಗಳೂರಿನಲ್ಲಿ ಬರೆಯುವ ಕನ್ನಡದಲ್ಲೂ ಅರ್ಜಿ, ಜಮೀನು, ಜಿಲ್ಲೆ, ಸರ್ಕಾರ, ತಹಶೀಲ್ದಾರ ಇವೆ. ಎಲ್ಲವೂ ಅದೇ ಪಾರಸಿ-ಅರಬ್ಬಿ ದಾರಿಯಲ್ಲಿ ಬಂದವು. ಅವುಗಳನ್ನು ಯಾರೂ ಕಲಬೆರಕೆ ಎನ್ನುವುದಿಲ್ಲ. ಸ್ಪೇನಿನ ಕಡೆ ನೋಡಿ. 711ರಿಂದ 1492ರವರೆಗೆ ಅಲ್ಲಿಯ ನೆಲದಲ್ಲಿ ಅರಬ್ಬಿಯ ಆಳ್ವಿಕೆಗಳಿದ್ದವು. ಸಾವಿರಾರು ಅರಬ್ಬಿ ಶಬ್ದಗಳು ಸ್ಪ್ಯಾನಿಷ್‌ನಲ್ಲಿ ಇವತ್ತಿಗೂ ಇವೆ. ಅಡುಗೆ ಎಣ್ಣೆಗೆ ‘ಅಸೆಯಿತೆ’, ಊರ ಮೇಯರ್‌ಗೆ ‘ಅಲ್ಕಾಲ್ದೆ’. ಅಲ್ಕಾಲ್ದೆಯ ಮೂಲ ‘ಅಲ್-ಖಾದಿ’, ನಮ್ಮ ಖಾಜಿ. ಸಕ್ಕರೆಗೆ ಅವರು ‘ಅಸೂಕಾರ್’ ಎನ್ನುತ್ತಾರೆ. ಸಂಸ್ಕೃತದ ಶರ್ಕರ ಪಾರಸಿ, ಅರಬ್ಬಿ ದಾಟಿ ಅಲ್ಲಿಗೆ ಮುಟ್ಟಿದ ರೂಪವದು. ಅದೇ ಶರ್ಕರ ನಮ್ಮಲ್ಲಿ ಸಕ್ಕರೆಯಾಯಿತು. ಅಸೂಕಾರ್ ಎಂದ ಮಗುವನ್ನು ಸ್ಪೇನಿನ ಯಾವ ಶಾಲೆಯಲ್ಲೂ ತಿದ್ದುವುದಿಲ್ಲ. ದವಾಖಾನಿ ಎಂದ ಮಗುವನ್ನೂ ನಾವು ತಿದ್ದಬೇಕಿಲ್ಲ. ಗ್ರಾಂಥಿಕ ಕನ್ನಡವನ್ನು ಕಲಿಸೋಣ, ಅದು ಬೇಕು. ಆದರೆ ಮನೆಯ ಕನ್ನಡದ ಪಕ್ಕದಲ್ಲಿ ಕೂರಿಸಿ ಕಲಿಸೋಣ, ಅದರ ಜಾಗ ಕಸಿದುಕೊಂಡು ಬೇಡ.

ಹೊರಡುವಾಗ

ಬೀಳ್ಕೊಡುವುದಕ್ಕೂ ಇಲ್ಲಿ ರೀತಿಯಿದೆ. ‘ಹೋಗ್ತೀನಿ’ ಎನ್ನಬಾರದು, ‘ಹೋಗಿ ಬರ್ತೀನ್ರಿ’ ಎನ್ನಬೇಕು. ಮನೆಯವರು ‘ಹೊಳ್ಳಿ ಬರ್ರಿ’ ಎನ್ನುತ್ತಾರೆ. ಸ್ಪೇನಿನವರ ‘ಆಸ್ತಾ ಲುಯೆಗೊ’ ಕೂಡ ‘ಮತ್ತೆ ಸಿಗುವವರೆಗೆ’ ಎಂದೇ ಹೇಳುತ್ತದೆ, ಹೋಗುವ ಮಾತನ್ನು ಎತ್ತುವುದಿಲ್ಲ. ಹೊಸಲಿನಲ್ಲಿ ನಿಂತು ಹೇಳುವ ಈ ಮಾತಿಗೆ ಇನ್ನೂ ಹತ್ತು ನಿಮಿಷ ಹಿಡಿಯುತ್ತದೆ, ಚೀಲದೊಳಗೆ ನಾಲ್ಕು ಕಟಕ ರೊಟ್ಟಿಯೂ ಹಿಂಡಿಯ ಒಂದು ಪೊಟ್ಟಣವೂ ಸೇರುತ್ತವೆ. ಬಸ್ಸು ತಪ್ಪುವ ಹಾಗಿದ್ದರೂ ಆ ಹತ್ತು ನಿಮಿಷ ಕೊಟ್ಟುಬಿಡಿ.

ವಾಡಿಯ ಆ ಹುಡುಗ ಮತ್ತೆ ಬರುತ್ತಾನೆ ಎಂದುಕೊಳ್ಳುತ್ತೇನೆ. ಅದೇ ನಸುಕು, ಅದೇ ಅಂಗಡಿ, ಉಕ್ಕುವ ಅದೇ ಹಾಲು. ‘ಕಾಕಾ, ಚಾ ಅದ ಏನ್ರಿ?’ ಎಂದು ಅವನು ಕೇಳಿದರೆ ಅಂಗಡಿಯಾತ ತಲೆಯೆತ್ತಿ ನೋಡುತ್ತಾನೆ, ಬೆಂಚಿನ ಮೇಲಿನ ಬಟ್ಟೆ ಸರಿಸಿ ‘ಬರ್ರಿ, ಕುಂದ್ರಿ. ಯಾವೂರ್ರಿ ನಿಮ್ದು?’ ಎನ್ನುತ್ತಾನೆ. ಚಿತ್ತಾಪುರದ ಗಾಡಿ ಬರುವವರೆಗೆ ಮಾತು ಕನ್ನಡದಲ್ಲೇ ಸಾಗುತ್ತದೆ.